ಓಲೆ ಕಾಣುವಷ್ಟು ಹೊಳಪು

“ಹುಡುಗಿ ವಿಷಯ ಆಮೇಲೆ. ಮೊದಲು ಇದಕ್ಕೆ ಹೊಳಪು ಬರಲಿ,” ಎಂದು ಮೇಸ್ತ್ರಿ ನೀರಿನ ಬಕೆಟ್ಟನ್ನು ಕಾಲಲ್ಲಿ ಮುಂದೆ ತಳ್ಳಿದರು.

ಕನ್ನಡಕದಂಗಡಿಯವನು ದೋಣಿಯತ್ತ ನೋಡಿದ. ಒಂದು ಕಾಲದ ಕಡುನೀಲಿ ಫೈಬರ್ ದೋಣಿ. ವರ್ಷಗಟ್ಟಲೆ ಬಿಸಿಲು ಅದರ ಜೆಲ್‌ಕೋಟ್ ಎಂಬ ನುಣುಪಾದ ಮೇಲ್ಪದರವನ್ನು ತಿಂದು ಸುಣ್ಣ ಬಳಿದಂತೆ ಮಾಡಿತ್ತು. ಸವರಿದರೆ ಅಂಗೈಯೆಲ್ಲ ಬಿಳಿ ಪುಡಿ.

ಹುಡುಗಿ ಅಮ್ಮನ ಕನ್ನಡಕದ ಸ್ಕ್ರೂ ಬಿಗಿಸಲು ಎರಡು ತಿಂಗಳಲ್ಲಿ ಒಂಬತ್ತು ಸಲ ಅಂಗಡಿಗೆ ಬಂದಿದ್ದಳು. ಒಂಬತ್ತನೆಯ ಸಲ, “ಸ್ಕ್ರೂ ಸಡಿಲ ಮಾಡಿ ಮಾಡಿ ನಂಗೂ ಸಾಕಾಯ್ತು. ಮನೇಲಿ ಬಂದು ಹೆಣ್ಣು ಕೇಳು,” ಎಂದಳು. ಇವನು ಹೊರಟೇಬಿಟ್ಟ. ದಾರಿಯಲ್ಲಿ ದೋಣಿ ರಿಪೇರಿ ಅಂಗಳ. ಒಳಗೆ ಅವಳು ಮೇಸ್ತ್ರಿಗೆ ಊಟದ ಡಬ್ಬಿ ಕೊಡುತ್ತಿದ್ದಳು. ಅಪ್ಪ ಇಲ್ಲೇ ಸಿಕ್ಕಮೇಲೆ ಮನೆಯವರೆಗೆ ಯಾಕೆ ಎಂದುಕೊಂಡು ಅಲ್ಲೇ ಕೇಳಿಬಿಟ್ಟ. ಮೇಸ್ತ್ರಿ ಅವಳ ಮುಖ ನೋಡಿದರು. ಅವಳು ಆಕಾಶ ನೋಡಿದಳು.

“ಎಷ್ಟು ಹೊಳಪು ಬೇಕು?” ಎಂದ ಕನ್ನಡಕದವನು.

“ಮುಖ ಕಾಣಬೇಕು. ಕಿವಿಯ ಓಲೆ ಸಮೇತ.”

ಉಜ್ಜುವುದು ಅವನಿಗೇನೂ ಹೊಸದಲ್ಲ. ಗಾಜು ಉಜ್ಜಿಯೇ ಅನ್ನ ತಿನ್ನುವವನು. ದಿನಾ ಮಧ್ಯಾಹ್ನ ಅಂಗಡಿಗೆ ಬೀಗ ಜಡಿದು ಬಂದ. ಮೊದಲು ಒರಟು ಸ್ಯಾಂಡ್‌ಪೇಪರ್, ಆಮೇಲೆ ನಯವಾದದ್ದು, ಅದಕ್ಕಿಂತ ನಯವಾದದ್ದು. ನೀರು ಹಾಕು, ಉಜ್ಜು, ಒರೆಸು. ಭುಜ ಕಳಚಿ ಬೀಳುವಂತಾದರೂ ಸಿಳ್ಳೆ ನಿಲ್ಲಲಿಲ್ಲ. ನಾಲ್ಕನೆಯ ದಿನ ಪಾಲಿಶ್ ಹಚ್ಚಿದಾಗ ಅಂಗೈಯಗಲ ನೀಲಿ ಕಣ್ಣು ಬಿಟ್ಟಿತು. ಅವನು ಬಟ್ಟೆ ಹಿಡಿದುಕೊಂಡೇ ಒಂದು ಸುತ್ತು ಕುಣಿದ.

ವಿಚಿತ್ರವೆಂದರೆ, ಮೇಸ್ತ್ರಿಯೂ ದಿನದಿನಕ್ಕೆ ಹೊಳೆಯುತ್ತಿದ್ದರು. ಮಂಗಳವಾರ ಮೀಸೆ ಕತ್ತರಿಸಿಕೊಂಡರು. ಗುರುವಾರ ಹೊಸ ಅಂಗಿ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಕೊಡುತ್ತಾ ಹುಡುಗಿಯನ್ನು ಮೆಲ್ಲಗೆ ಕೇಳುವರು, “ಅಮ್ಮ ಏನಾದ್ರೂ ಅಂದ್ರಾ?”

ಹೆಂಡತಿಯ ಬಗ್ಗೆ ಎಷ್ಟು ಮರ್ಯಾದೆಯಿಂದ ಮಾತಾಡುತ್ತಾರೆ, ನಾನೂ ಹೀಗೇ ಇರಬೇಕು ಎಂದುಕೊಂಡ ಕನ್ನಡಕದವನು. ಹುಡುಗಿ ಮಾತ್ರ ಸೆರಗಿಲ್ಲದ ಕಾರಣ ಡಬ್ಬಿಯಲ್ಲೇ ಬಾಯಿ ಮುಚ್ಚಿ ನಗುತ್ತಿದ್ದಳು.

ಶನಿವಾರ ಕೊನೆಯ ಸಲ ಮೇಣ ಹಚ್ಚಿ ಒರೆಸಿದ. ಇಡೀ ಅಂಗಳ ದೋಣಿಯ ಮೈಯೊಳಗೆ ಇಳಿದಿತ್ತು. ಮೇಸ್ತ್ರಿ ಅದರಲ್ಲೇ ನೋಡಿಕೊಂಡು ತಲೆ ಬಾಚಿಕೊಂಡರು.

ಅಷ್ಟರಲ್ಲಿ ಹುಡುಗಿಯ ಅಮ್ಮ ಬಂದರು. ಸ್ಕ್ರೂ ಬಿಗಿಯಾಗಿದ್ದ ಕನ್ನಡಕವನ್ನು ಮೂಗಿಗೇರಿಸಿ ದೋಣಿಯತ್ತ ಬಗ್ಗಿದರು. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. ನೀಲಿಯೊಳಗೆ ಓಲೆ ಮಿನುಗಿತು.

“ನಿಮ್ಮ ಕೈಲಿ ಆಗಲ್ಲ ಅಂದ್ಕೊಂಡೇ ಹೇಳಿದ್ದೆ, ಮೇಸ್ತ್ರಿ. ಇರಲಿ. ಕೊಟ್ಟ ಮಾತಿಗೆ ತಪ್ಪಲ್ಲ.”

ಮೇಸ್ತ್ರಿ ಬಕೆಟ್ಟಿನ ಮೇಲೆ ಕುಸಿದು ಕೂತರು, ಕಿವಿಯವರೆಗೂ ನಗುತ್ತಾ.

“ನಿಮ್ಮಪ್ಪಂಗೆ ಏನು ಮಾತು ಕೊಟ್ಟಿದ್ರು?” ಕನ್ನಡಕದವನು ಪಿಸುಗುಟ್ಟಿದ.

“ಅಪ್ಪ ಹೋಗಿ ಹದಿನೆಂಟು ವರ್ಷ ಆಯ್ತು. ಈ ದೋಣೀಲಿ ಮುಖ ಕಂಡ ದಿನ ಮದುವೆ ಆಗ್ತೀನಿ ಅಂತ ಅಮ್ಮ ಇವರಿಗೆ ಹೇಳಿದ್ಲು,” ಎಂದಳು ಹುಡುಗಿ. “ಇವತ್ತಿಂದ ಇವರೇ ಅಪ್ಪ. ಹೋಗು, ಈಗ ಕೇಳು.”