ಒದೆತಕ್ಕೆ ಮುಂಚೆ

ಟಕ್ ಎಂದಷ್ಟೇ ಸದ್ದಾಯಿತು. ಬಂದೂಕು ಸಿಡಿಯಲಿಲ್ಲ. ಆದರೂ ಹಲ್ಲಿನ ಡಾಕ್ಟರಮ್ಮ ಕಣ್ಣು ಬಿಗಿದು, ಭುಜ ಕುಗ್ಗಿಸಿ, ನಳಿಗೆಯ ತುದಿಯನ್ನು ಒಂದು ಗೇಣು ಕೆಳಕ್ಕೆ ಇಳಿಸಿಬಿಟ್ಟಿದ್ದರು. ನಿಜವಾದ ತೋಟಾ ಇದ್ದಿದ್ದರೆ ಗುಂಡು ಗುರಿಹಲಗೆಯನ್ನು ಬಿಟ್ಟು ಅದರ ಮುಂದಿನ ಹುಲ್ಲನ್ನು ಬೇಟೆಯಾಡುತ್ತಿತ್ತು.

"ನೋಡಿದ್ರಾ ಡಾಕ್ಟರಮ್ಮ?" ಎಂದರು ಪರೀಕ್ಷಕರು. "ಒಳಗಿದ್ದದ್ದು ಖಾಲಿ ತೋಟಾ. ಬಂದೂಕು ನಿಮ್ಮನ್ನ ಮುಟ್ಟಲೂ ಇಲ್ಲ. ನೀವೇ ಹಾರಿದ್ರಿ."

ಇದು ಅವರ ಪದ್ಧತಿ. ಬೇಟೆಯ ಪರವಾನಗಿ ಕೇಳಿ ಬಂದವರನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ತೋಟಾಗಳನ್ನು ತಾವೇ ತುಂಬುತ್ತಿದ್ದರು. ನಡುವೆ ಎಲ್ಲೋ ಮದ್ದಿಲ್ಲದ ಒಂದನ್ನು ಸೇರಿಸುತ್ತಿದ್ದರು. ಹಲಗೆಯ ವೃತ್ತದೊಳಗೆ ಗುಂಡು ಅದೃಷ್ಟದಿಂದಲೂ ಬೀಳಬಹುದು, ಖಾಲಿ ತೋಟಾದ ಮುಂದೆ ಮಾತ್ರ ಯಾರ ನಾಟಕವೂ ನಡೆಯದು ಎಂಬುದು ಅವರ ಸಿದ್ಧಾಂತ. ಡಾಕ್ಟರಮ್ಮ ಈ ವರ್ಷ ಎರಡು ಸಲ ಇಲ್ಲೇ ಮುಗ್ಗರಿಸಿದ್ದರು. ಇವತ್ತಿನದು ಕೊನೆಯ ಅವಕಾಶ. ಈಗ ಆದದ್ದು ಅಭ್ಯಾಸದ ಸುತ್ತು, ಲೆಕ್ಕಕ್ಕಿಲ್ಲ; ಲೆಕ್ಕದ ಸುತ್ತಿನಲ್ಲೂ ಹೀಗೇ ಆದರೆ ಬಂದೂಕು ಸಂಜೆಯೊಳಗೆ ಸರ್ಕಾರದ ಕುಲುಮೆಗೆ. ಬಂದೂಕು ಅವರ ತಾಯಿಯದು. ತಾಯಿಯ ಕೆನ್ನೆ ಒರಗುತ್ತಿದ್ದ ಜಾಗದಲ್ಲಿ ಅದರ ಮರದ ಹಿಡಿಕೆ ಇನ್ನೂ ನುಣ್ಣಗೆ ಹೊಳೆಯುತ್ತಿತ್ತು. ಆಕೆ ಸತ್ತು ವರ್ಷ ತುಂಬುವುದರೊಳಗೆ ಮನೆಯ ಒಬ್ಬರಾದರೂ ಪರವಾನಗಿ ಪಡೆಯಬೇಕೆಂಬುದು ನಿಯಮ. ಮನೆಯಲ್ಲಿದ್ದ ಇನ್ನೊಬ್ಬ ಎಂದರೆ ತಮ್ಮ. ಅವನು ಬಲೂನು ಒಡೆದರೂ ಎದೆ ಹಿಡಿದುಕೊಳ್ಳುವವನು.

ಆ ತಮ್ಮ ಈಗ ಬೇಲಿಯ ಹಿಂದಿನಿಂದ ಒಂದು ದಿಂಬು ಎತ್ತಿ ತೋರಿಸಿದ. "ಅಕ್ಕಾ, ನಾನು ಆಗ್ಲೇ ಹೇಳ್ದೆ. ಇದನ್ನ ಅಂಗಿಯೊಳಗೆ ಇಟ್ಕೋ, ಏಟು ಗೊತ್ತೇ ಆಗಲ್ಲ."

"ಹೋದ ಸಲ ಇಟ್ಕೊಂಡಿದ್ನಲ್ಲೋ. ಬಂದೂಕಿಗೆ ಓಡಿ ಬಂದು ಗುದ್ದೋಕೆ ಜಾಗ ಸಿಕ್ತು ಅಷ್ಟೇ. ವಾರವೆಲ್ಲ ಭುಜ ಬದನೆಕಾಯಿ ಆಗಿತ್ತು."

"ಹಾಗಾದ್ರೆ ಎರಡು ದಿಂಬು?"

"ನಿನ್ನನ್ನೇ ಮಡಚಿ ಇಟ್ಕೋತೀನಿ, ಸುಮ್ನಿರು."

ಪರೀಕ್ಷಕರು ನಗಲಿಲ್ಲ. "ದಿಂಬಿನ ಮಾತು ಬಿಡಿ. ಹಿಡಿಕೆ ಭುಜದ ಗುಳಿಯಲ್ಲಿ ಸಂದಿಲ್ದಂಗೆ ಕೂತಿದೆ, ಮೈ ಮುಂದಕ್ಕೆ ಬಾಗಿದೆ, ಎಲ್ಲಾ ಸರಿಯಾಗಿದೆ. ಆದ್ರೆ ಒದೆತ ಬರೋಕೆ ಮುಂಚೆನೇ ಹೆದರಿದ್ರೆ ಹೇಗೆ ಡಾಕ್ಟರಮ್ಮ? ಬಂದ ಮೇಲೆ ನೋಡ್ಕೊಂಡ್ರಾಯ್ತು."

ಹೀಗೆ ಹೇಳುವಾಗ ಅವರು ಎಡಗೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದರು. ಆ ಕೆನ್ನೆಯ ಪರಿಚಯ ಡಾಕ್ಟರಮ್ಮನಿಗೆ ಚೆನ್ನಾಗಿತ್ತು. ಅದರೊಳಗಿನ ದವಡೆಹಲ್ಲು ಕೀಳಿಸಿಕೊಳ್ಳಲು ಬಂದು, ಸೂಜಿ ತುಟಿಯ ಹತ್ತಿರ ಬರುವ ಮೊದಲೇ ಬಾಯಿ ಮುಚ್ಚಿ, "ಮುಂದಿನ ವಾರ ನೋಡೋಣ" ಎಂದು ಕುರ್ಚಿಯಿಂದ ಎದ್ದು ಹೋದ ಗಂಡಾಳು ಇವರೇ. ಆಗ ಇದೇ ಮಾತನ್ನು, ಇದೇ ಧಾಟಿಯಲ್ಲಿ, ಡಾಕ್ಟರಮ್ಮ ಹೇಳಿದ್ದರು. ಜೊತೆಗೆ, ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬರಿಗೂ ಹೇಳುವ ಇನ್ನೊಂದನ್ನೂ ಹೇಳಿದ್ದರು: "ಸೂಜಿ ಯೋಚನೆ ಬಿಡಿ, ಕಾಲಿನ ಹೆಬ್ಬೆರಳು ಆಡಿಸ್ತಾ ಇರಿ." ಊರಿಗೆಲ್ಲ ಬರೆದುಕೊಟ್ಟ ಔಷಧಿಯನ್ನು ತಾವು ಒಮ್ಮೆಯೂ ಕುಡಿದು ನೋಡಿರಲಿಲ್ಲ.

"ತುಂಬಿ ಸಾರ್," ಎಂದು ಅವರು ಬೆನ್ನು ತಿರುಗಿಸಿದರು.

ಲೆಕ್ಕದ ಸುತ್ತು. ಬೂಟಿನೊಳಗೆ ಹೆಬ್ಬೆರಳು ಮೇಲೆ ಕೆಳಗೆ ಆಡತೊಡಗಿತು. ಅರ್ಧ ಉಸಿರು ಬಿಟ್ಟು, ಸಿಡಿಯುವಾಗ ಅದರ ಪಾಡಿಗೆ ಸಿಡಿಯಲಿ ಎಂಬಂತೆ ಟ್ರಿಗರನ್ನು ಮೆಲ್ಲಗೆ ಹಿಂಡುತ್ತಾ ಹೋದರು. ಢಂ! ಒದೆತ ಬಂತು, ಭುಜ ಅದನ್ನು ಪಡೆದುಕೊಂಡು ಹಿಂದೆ ಸರಿದು, ಸ್ಪ್ರಿಂಗಿನ ಬಾಗಿಲಿನಂತೆ ತಾನಾಗಿ ಮರಳಿ ಬಂತು. ಇಷ್ಟೇನಾ ಅನ್ನಿಸಿತು. ಮತ್ತೆ ಢಂ. ಹಲಗೆಯ ವೃತ್ತದಲ್ಲಿ ಎರಡು ತೂತು ಅಕ್ಕತಂಗಿಯರಂತೆ ಕೂತವು. ಬೇಲಿಯ ಹಿಂದೆ ತಮ್ಮ ಕಿವಿಗೆ ಬೆರಳಿಟ್ಟು ಕಣ್ಣು ಮುಚ್ಚಿ ನಿಂತಿದ್ದ.

ಟಕ್.

ನಳಿಗೆ ಗೋಡೆಗೆ ಹೊಡೆದ ಮೊಳೆಯಂತೆ ಇದ್ದಲ್ಲೇ ಇತ್ತು.

ತಮ್ಮ ಒಂದು ಕಣ್ಣು ತೆರೆದ. "ಯಾಕೆ, ಕೆಟ್ಟೋಯ್ತಾ?"

ಡಾಕ್ಟರಮ್ಮ ಖಾಲಿ ತೋಟಾವನ್ನು ಹೊರಗೆಳೆದು, ಕೊಳೆತ ಹಲ್ಲನ್ನು ತಟ್ಟೆಗೆ ಹಾಕುವಷ್ಟೇ ನಿರ್ಲಿಪ್ತವಾಗಿ ಕೆಳಗೆ ಬೀಳಿಸಿ, ಉಳಿದದ್ದನ್ನೂ ವೃತ್ತದೊಳಕ್ಕೆ ಕಳಿಸಿದರು.

"ಪಾಸ್," ಎಂದರು ಪರೀಕ್ಷಕರು. ಹಿಂದಿನ ಎರಡು ಸಲ ಮಾಡದ ಒಂದು ಕೆಲಸವನ್ನೂ ಮಾಡಿದರು: ತಲೆಯ ಟೋಪಿ ತೆಗೆದರು. ತಮ್ಮ "ಅಕ್ಕಾ!" ಎಂದು ಅರಚಿ ದಿಂಬನ್ನು ಆಕಾಶಕ್ಕೆ ಎಸೆದ. ಅದು ಬೇಲಿಯ ಮುಳ್ಳುತಂತಿಯ ಮೇಲೆ ಬಿದ್ದು, ಮೈದಾನದ ತುಂಬ ಹತ್ತಿ ಹಾರಾಡಿತು.

"ಅಮ್ಮ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ಲು ಅಲ್ವಾ?"

"ನಿನ್ನ ಚರ್ಮ ಸುಲೀತಿದ್ಲು. ಅದು ಅವಳ ದಿಂಬು," ಎಂದು ಡಾಕ್ಟರಮ್ಮ ಬಂದೂಕನ್ನು ಹೆಗಲಿಗೇರಿಸಿದರು. ಬದನೆಕಾಯಿ ಆಗಿದ್ದ ಹೆಗಲಿಗೇ. ಹೋಗುತ್ತಾ ಪರೀಕ್ಷಕರತ್ತ ತಿರುಗಿ, "ಸೋಮವಾರ ಬೆಳಿಗ್ಗೆ ಬನ್ನಿ ಸಾರ್. ಇನ್ನು ಆ ಹಲ್ಲಿಗೂ ವಾಯಿದೆ ಇಲ್ಲ," ಎಂದರು.

ಸೋಮವಾರ ಪರೀಕ್ಷಕರು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು. ಡಾಕ್ಟರಮ್ಮ ಅತ್ತ ತಿರುಗಿ ಏನೋ ಸಿದ್ಧ ಮಾಡಿಕೊಂಡು ಬಂದು, ಸಿರಿಂಜನ್ನು ಎಡಗೆನ್ನೆಯತ್ತ ತಂದರು. ಪರೀಕ್ಷಕರು ಕಣ್ಣು ಬಿಗಿದು, ಭುಜ ಕುಗ್ಗಿಸಿ, ಕುರ್ಚಿಯಿಂದ ಒಂದು ಗೇಣು ಮೇಲೆದ್ದರು.

ಡಾಕ್ಟರಮ್ಮ ಸಿರಿಂಜನ್ನು ದೀಪಕ್ಕೆ ಹಿಡಿದು ತೋರಿಸಿದರು. ಅದಕ್ಕೆ ಸೂಜಿಯೇ ಇರಲಿಲ್ಲ.

"ಇದು ಅಭ್ಯಾಸದ ಸುತ್ತು ಸಾರ್, ಲೆಕ್ಕಕ್ಕಿಲ್ಲ," ಎಂದರು. "ಈಗ ಬೂಟು ಬಿಚ್ಚಿ. ಹೆಬ್ಬೆರಳು ಆಡೋದು ನನಗೆ ಕಾಣ್ಬೇಕು."