ಅರ್ಜಿ ಬರೆದವಳು

"ಕಾರ್ ಒಳಗ ಬಿಡೂದಿಲ್ರಿ ಕಾಕಾ. ಇವತ್ತಿಂದ ಬಂದ್," ಎಂದು ಪೊಲೀಸ ಬ್ಯಾರಿಕೇಡಿನ ಮೇಲೆ ಕೈಯಿಟ್ಟ. ಮುರಗೆಪ್ಪ ಗಾಜು ಇಳಿಸಿ, ಪಕ್ಕದಲ್ಲಿ ಕೂತಿದ್ದ ಹೆಂಡತಿಯನ್ನು ತೋರಿಸಿದ. "ಲಕ್ವಾ ಹೊಡದೈತ್ರಿ ಇಕಿಗೆ. ದಿನಾ ಸಂಜೀಕ ಚಲೋ ಸೀರಿ ಉಡಿಸಿ ಕರಕೊಂಡ ಬಂದು ನಮ್ಮ ಬಳೀ ಅಂಗಡಿ ಮುಂದ ಕಾರ್ ನಿಲ್ಲಿಸ್ತೀನಿ. ಗಿರಾಕಿಗೋಳು ಬಂದು ಮಾತಾಡಸ್ತಾರ. ಒಂದ ತಾಸ ಅಷ್ಟ."

ನಿಪ್ಪಾಣಿಯ ಈ ಪೇಟೆ ಬೀದಿಯಲ್ಲಿ ಮೂವತ್ತು ವರ್ಷ ಹೆಂಗಸರ ಕೈಗೆ ಬಳೆ ತೊಡಿಸಿದ್ದ ರುಕ್ಮವ್ವನಿಗೆ ಎಂಟು ತಿಂಗಳಿಂದ ಆ ಒಂದು ತಾಸೇ ಬದುಕಾಗಿತ್ತು. ಗಾಲಿಕುರ್ಚಿ ತನ್ನಿ ಎಂದ ಪೊಲೀಸ. ಅದು ಮನೆಯಲ್ಲೇ ಇತ್ತು. ತಾನು ಓಡಾಡಿದ ಬೀದಿಯಲ್ಲಿ ತನ್ನನ್ನು ತಳ್ಳಿಕೊಂಡು ಹೋಗುವುದು ಬೇಡವೆಂದು ಅವಳು ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲ.

ಮುರಗೆಪ್ಪನ ದನಿ ಏರಿತು. "ಕಾರ್ ಬಂದ್ ಮಾಡ್ರಿ ಅಂತ ಮೊದಲ ಅರ್ಜಿ ಬರದಾಕಿನ ಇಕಿ! ಕೈಕಾಲ ಚಲೋ ಇದ್ದಾಗ ಅಂಗಡಿ ಅಂಗಡಿ ತಿರಗಿ ಸಹಿ ಹಾಕಿಸ್ಯಾಳ. ಇಕಿನ್ನ ತಡೀತೀರೇನ್ರಿ?"

ರುಕ್ಮವ್ವ ಸ್ವಾಧೀನವಿದ್ದ ಎಡಗೈಯಿಂದ ಗಂಡನ ತೋಳು ಹಿಡಿದಳು. ಬ್ಯಾರಿಕೇಡಿನಾಚೆ ತಾಯಂದಿರು ಮಕ್ಕಳ ಕೈ ಹಿಡಿಯದೆ ನಿಶ್ಚಿಂತೆಯಿಂದ ನಡುಬೀದಿಯಲ್ಲಿ ನಡೆಯುತ್ತಿದ್ದರು. ಅವಳು ಬಯಸಿದ್ದೂ ಅದನ್ನೇ. ಅವಳ ಅಂಗಡಿಯಿದ್ದದ್ದು ತಿರುವಿನಾಚೆ, ಇಲ್ಲಿಂದ ಕಾಣುತ್ತಿರಲಿಲ್ಲ.

"ಜಗಳಾಡಬ್ಯಾಡ್ರಿ," ಎಂದಳು, ಒಂದೊಂದೇ ಮಾತು ಜೋಡಿಸಿಕೊಂಡು. "ನನಗೊಬ್ಬಾಕಿಗೆ ತಗದ್ರ ನಾಳೆ ಎಲ್ಲಾರಿಗೂ ತಗೀಬೇಕಾಗ್ತೈತಿ. ಕಾರ್ ತಿರಗಸ್ರಿ."

"ನಾಳೆ ಸಾಹೇಬರನ್ನ ಕೇಳೂಣಂತ," ಎಂದ ಮುರಗೆಪ್ಪ.

ಅವಳು ಅವನ ತೋಳು ಬಿಟ್ಟಳು.

"ನಾಳೆ ಸಂಜೀಕ ನನಗ ಸೀರಿ ಉಡಸಬ್ಯಾಡ್ರಿ."