ಮುಚ್ಚಿದ ಕಮಾನು

ಗಾರೆಯ ದೊಡ್ಡದೊಂದು ಚಕ್ಕೆ ದೊಪ್ಪನೆ ಬಿದ್ದಾಗ ಚರ್ಚಿನ ಪಕ್ಕದ ಗೋಡೆಯಲ್ಲಿ ಇಟ್ಟಿಗೆ ತುಂಬಿ ಮುಚ್ಚಿದ್ದ ಕಲ್ಲಿನ ಕಮಾನೊಂದು ಕಾಣಿಸಿತು. ದುರಸ್ತಿಯ ಉಸ್ತುವಾರಿ ಹೊತ್ತಿದ್ದ ಆರ್ಕಿಟೆಕ್ಟ್ ಹಿಗ್ಗಿಹೋದಳು. "ಎಂಥಾ ಕೆತ್ತನೆ ಫಾದರ್! ಚರ್ಚ್ ಕಟ್ಟಿದಾಗಿನದ್ದೇ ಇದು. ಇಟ್ಟಿಗೆ ತೆಗೆಸಿ ಬಾಗಿಲು ಇಡೋಣ." ಮೇಸ್ತ್ರಿ ಹಾರೆ ಎತ್ತಿದ.

"ತೆಗೀಬೇಡಪ್ಪ," ಎಂದಳು ಪೀಠದ ಬಟ್ಟೆ ಮಡಚುತ್ತಿದ್ದ ಅಜ್ಜಿ. ಎದ್ದು ಬಂದು ಆ ಇಟ್ಟಿಗೆಗಳಿಗೆ ಬೆನ್ನು ಕೊಟ್ಟು ನಿಂತಳು. "ಕೂಲಿಯವರ ಬಾಗಿಲು ಇದು. ದೊಡ್ಡ ಬಾಗಿಲಲ್ಲಿ ನಮ್ಮನ್ನ ಬಿಡ್ತಿರಲಿಲ್ಲ. ಇಲ್ಲಿಂದ ಬಂದು, ಆ ಕಂಬದ ಹಿಂದೆ ನಿಂತೇ ಪೂಜೆ ಮುಗಿಸ್ಬೇಕಿತ್ತು. ಒಂದು ಶನಿವಾರ ನಮ್ಮಮ್ಮ, ಅವಳ ಓರಗೆಯ ಹೆಂಗಸರು ಸೇರಿ ಇಟ್ಟಿಗೆ ಇಟ್ಟು ಇದನ್ನ ಮುಚ್ಚಿಬಿಟ್ರು. ಮಾರನೇ ದಿನ ಎಲ್ಲರೂ ದೊಡ್ಡ ಬಾಗಿಲಿಂದಲೇ ಬಂದ್ರು. ನಾನು ಅಮ್ಮನ ಸೊಂಟದ ಮೇಲಿದ್ದೆ."

ಆರ್ಕಿಟೆಕ್ಟ್ ಸಾಲು ತಪ್ಪಿದ್ದ ಇಟ್ಟಿಗೆಗಳನ್ನು ಬೆರಳಿಂದ ಸವರಿದಳು. "ಅದಕ್ಕೇ ಇಷ್ಟು ಓರೆಕೋರೆ."

"ಅವರಿಗೆ ಗಾರೆ ಕೆಲಸ ಎಲ್ಲಿ ಬರ್ತಿತ್ತು ತಾಯಿ? ಸಿಟ್ಟು ಬರ್ತಿತ್ತು, ಅಷ್ಟೇ."

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಫಾದರ್ ನಗಲಿಲ್ಲ. ಈ ಊರಿಗೆ ಬಂದು ಇಷ್ಟು ವರ್ಷವಾದರೂ ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ಹಾಗಾದ್ರೆ ಮೊದಲಿನ ಹಾಗೇ ಗಾರೆ ಮೆತ್ತಿ ಮುಚ್ಚಿಬಿಡ್ಲಾ ಫಾದರ್?" ಮೇಸ್ತ್ರಿ ಕೇಳಿದ.

"ಬೇಡ," ಎಂದರು ಅವರು. "ಈ ಇಟ್ಟಿಗೆ ಮೇಲೆ ಒಂದು ಕೈ ಸುಣ್ಣ ಕೂಡ ಬೀಳಬಾರದು. ಬಂದವರಿಗೆಲ್ಲ ಕಾಣಲಿ."

ಅಜ್ಜಿ ಆಗ ಗೋಡೆ ಬಿಟ್ಟು ಪಕ್ಕಕ್ಕೆ ಸರಿದಳು.